ಗಾಜಿನ ಕೊಳವೆಗೆ ಆಯುಧಪೂಜೆ

ಕೇಡು ಬಯಸಿ ಕೇಡು ಮಾಡುವವರು ಊರಿಗೆ ಒಬ್ಬರೋ ಇಬ್ಬರೋ ಸಿಕ್ಕಾರು. ಒಳ್ಳೆಯದಾಗಲಿ ಎಂದು ಸ್ನಾನ ಮಾಡಿ, ಮಡಿಯುಟ್ಟು, ಕೈ ಮುಗಿದು ಕೇಡು ಮಾಡುವವರು ಮಾತ್ರ ಮನೆಗೊಬ್ಬರಿರುತ್ತಾರೆ. ನಮ್ಮ ಮನೆಯಲ್ಲಿ ಆ ಜಾಗ ನನ್ನದು. ಮದುವೆಯಾದ ಹೊಸತರಲ್ಲಿ ಹೆಂಡತಿಯ ರೇಷ್ಮೆ ಸೀರೆ ಮಾಸಿದೆಯೆಂದು ಸೋಡಾ ಪುಡಿ ಹಾಕಿ ಒಲೆಯ ಮೇಲೆ ಕುದಿಸಿಕೊಟ್ಟವನು ನಾನು. ರೇಷ್ಮೆಗೂಡನ್ನು ಕುದಿಸಿದರೆ ನೂಲು ಬರುತ್ತದೆ, ಸೀರೆಯನ್ನು ಕುದಿಸಿದರೆ ಇನ್ನಷ್ಟು ಹೊಳಪು ಬಂದೀತು ಎಂಬುದು ನನ್ನ ಲೆಕ್ಕವಾಗಿತ್ತು. ಆ ಸೀರೆ ಬಹಳ ವರ್ಷ ನಮ್ಮನೆಯ ಕಿಟಕಿಗೆ ಪರದೆಯಾಗಿತ್ತು. ಇಂಥವನ್ನೆಲ್ಲ ನಾನೇ ಹೇಳಿಕೊಳ್ಳುತ್ತಿರುವುದು ವಿನಯದಿಂದ ಅಂದುಕೊಳ್ಳಬೇಡಿ. ನಮ್ಮ ಮನೆಯವಳು ಗೌರಮ್ಮ ಬೀದಿಗೆಲ್ಲ ಹೇಳಿ ಮುಗಿಸಿದ್ದಾಳೆ. ಈಚೆಗೆ ನಡೆದದ್ದನ್ನೂ ಹೇಳಿದ್ದಾಳೆ. ಆದರೆ ಅವಳಿಗೆ ಗೊತ್ತಿರುವುದು ಅರ್ಧ. ಉಳಿದರ್ಧ ನನ್ನ ಎದೆಯ ಮೇಲೆ ಕೂತಿದೆ, ಅದನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ.

ನಮ್ಮದು ಗುಂಡ್ಲುಪೇಟೆ ಪಕ್ಕದ ಭೀಮನಬೀಡು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿ, ಆಮೇಲೆ ಅರಿಶಿನ ಬೆಳೆಯುವುದರಲ್ಲೇ ತಲೆ ನರೆಸಿಕೊಂಡವನು. ಮಗ ಮಹೇಶ ಗುಂಡ್ಲುಪೇಟೆ ಮಾರ್ಕೆಟ್ಟಿನಿಂದ ಕೇರಳಕ್ಕೆ ತರಕಾರಿ ಗಾಡಿ ಓಡಿಸುತ್ತಾನೆ. ವಾರದಲ್ಲಿ ಹೆಚ್ಚಿನ ದಿನ ಘಟ್ಟದ ಕೆಳಗೇ ಇರುತ್ತಾನೆ. ಮನೆಗೆ ಬಂದಾಗಲೂ ಮಾತಿನ ನಡುವೆ ಒಂದೆರಡು ಮಲಯಾಳ ಪದ ಉದುರಿಸಿ ತಾಯಿಯಿಂದ ಬೈಸಿಕೊಳ್ಳುತ್ತಾನೆ. ಅವನ ಹೆಂಡತಿ ಸುಮಿತ್ರ. ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಬಂದವಳು ಇನ್ನೂ ಓದುತ್ತೇನೆ ಅಂದಳು. ನೆಂಟರೆಲ್ಲ ಒಂದೇ ಸಮನೆ ಮುಖ ಸಿಂಡರಿಸಿದರು. "ಓದ್ಲಿ ಬುಡಿ, ಅವ್ಳು ಓದುದ್ರೆ ನಮ್ಮ ಮನೆ ಸೂರೇನು ಹಾರೋಗಲ್ಲ" ಎಂದು ನಾನು ಒಂದು ಮಾತು ಅಂದೆ. ಆ ಒಂದು ಮಾತಿಗಾಗಿ ಇವತ್ತಿಗೂ ನನ್ನನ್ನು ನಾನೇ ಹೊಗಳಿಕೊಳ್ಳುತ್ತಿರುತ್ತೇನೆ. ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ ಬರುವವಳು ಅವಳು, ಬೆಳಗಾಗೆದ್ದು ಬುತ್ತಿ ಕಟ್ಟುವವಳು ಗೌರಮ್ಮ, ಸೊಸೆಯನ್ನು ಓದಿಸಿದ ಎಂಬ ಹೆಸರು ಮಾತ್ರ ನನಗೆ.

ಅವಳು ಓದುತ್ತಿರುವುದು ಕಣ್ಣಿಗೆ ಕಾಣದ ಜೀವಿಗಳ ವಿಷಯ. ಮೊದಲ ಸಲ ಕೇಳಿದಾಗ ಗೌರಮ್ಮ, "ಹುಳ ನೋಡಾಕೆ ಚಾಮ್ರಾಜ್‌ನಗರಕ್ಕೆ ಯಾಕೋಗ್ಬೇಕವ್ವ, ನಮ್ಮ ಅಕ್ಕಿ ಡಬ್ಬದಲ್ಲೇ ಬೇಕಾದಷ್ಟವೆ" ಅಂದಿದ್ದಳು. ಸುಮಿತ್ರ ನಕ್ಕು, ಇವು ಹುಳವಲ್ಲ ಅತ್ತೆ, ಬ್ಯಾಕ್ಟೀರಿಯಾ, ಮೊಸರಲ್ಲಿ ಇರುತ್ತಲ್ಲ ಅಂಥವು ಎಂದಳು. ಅದಾದ ಮೇಲೆ ಒಂದು ವಾರ ನಮ್ಮ ಮನೆಯಲ್ಲಿ ಗೌರಮ್ಮ ಮೊಸರು ಮುಟ್ಟಲಿಲ್ಲ. ಕೊನೆಯ ವರ್ಷದಲ್ಲಿ ಅವರವರೇ ಒಂದು ಪ್ರಾಜೆಕ್ಟ್ ಮಾಡಬೇಕಂತೆ. ಸುಮಿತ್ರ ನಮ್ಮ ಅರಿಶಿನ ಹೊಲದಿಂದಲೇ ಒಂದು ಹಿಡಿ ಮಣ್ಣು ಕಟ್ಟಿಕೊಂಡು ಹೋಗಿ, ಅದರೊಳಗಿಂದ ಒಂದು ಜಾತಿಯ ಬ್ಯಾಕ್ಟೀರಿಯಾ ಬೇರೆ ಮಾಡಿದಳು. ಗೆಡ್ಡೆಯ ಬೇರಿಗೆ ಒಳ್ಳೆಯದು ಮಾಡುವಂಥದ್ದಂತೆ. ನನ್ನ ಹೊಲದಲ್ಲಿ ನನಗೆ ಗೊತ್ತಿಲ್ಲದೆ ಇಷ್ಟು ಜನ ಆಳುಗಳು ಕೂಲಿಯಿಲ್ಲದೆ ದುಡಿಯುತ್ತಿದ್ದರಲ್ಲ ಎಂದು ಕೇಳಿ ನನಗೆ ಆ ದಿನ ಊಟ ಸ್ವಲ್ಪ ಹೆಚ್ಚೇ ಸೇರಿತು. ಅವು ಎಷ್ಟು ಬೇಗ ಬೆಳೆಯುತ್ತವೆ ಎಂದು ಅಳೆದು ತೋರಿಸುವುದೇ ಅವಳ ಪ್ರಾಜೆಕ್ಟ್. ಅದಕ್ಕೆ ಅವಳ ಮೇಡಂ ಸಹಿ ಹಾಕಬೇಕು. ಸಹಿ ಬಿದ್ದರೆ ಪದವಿ. ಬೀಳದಿದ್ದರೆ ಒಂದು ವರ್ಷ ಹೋಯಿತು. ಒಂದು ವರ್ಷ ಹೋದರೆ ನೆಂಟರ ಬಾಯಿ ಮತ್ತೆ ತೆರೆಯುತ್ತದೆ, ಓದು ನಿಂತ ಹಾಗೇ.

ದಸರಾ ರಜೆಯಲ್ಲಿ ಲ್ಯಾಬು ಮುಚ್ಚಿರುತ್ತದೆಂದು ಮೇಡಂ ಒಂದು ಹಳೆಯ ಯಂತ್ರವನ್ನು ಸುಮಿತ್ರಳ ಜವಾಬ್ದಾರಿಯ ಮೇಲೆ ಮನೆಗೆ ಕೊಟ್ಟು ಕಳಿಸಿದರು. ಸಣ್ಣ ಪೆಟ್ಟಿಗೆ. ಒಳಗೆ ಒಂದು ಕಡೆ ದೀಪ, ನಡುವೆ ಗಾಜಿನ ಕೊಳವೆ ಇಳಿಬಿಡಲು ಒಂದು ಗುಳಿ, ಆಚೆ ಕಡೆ ಬೆಳಕನ್ನು ಅಳೆಯುವ ಕಣ್ಣು, ಮೇಲೆ ಅಂಕಿ ತೋರಿಸುವ ಕಿಂಡಿ. ಜೊತೆಗೆ ಎರಡು ಕೊಳವೆ, ಜೋಡಿ ಎತ್ತಿನ ಹಾಗೆ ಒಂದೇ ಅಳತೆಯವು. ಒಂದರಲ್ಲಿ ಬರೀ ಸಾರು, ಅಂದರೆ ಬ್ಯಾಕ್ಟೀರಿಯಾಕ್ಕೆ ಉಣ್ಣಲು ಮಾಡಿದ ತಿಳಿನೀರು; ಇನ್ನೊಂದರಲ್ಲಿ ಬ್ಯಾಕ್ಟೀರಿಯಾ ಬಿಟ್ಟ ಸಾರು. ಸಾರು ಅಂದಕೂಡಲೇ ಗೌರಮ್ಮ ಹುರುಳಿಯದೋ ತೊಗರಿಯದೋ ಎಂದು ವಿಚಾರಿಸಿದ್ದನ್ನು ಇಲ್ಲಿ ಬೆಳೆಸುವುದಿಲ್ಲ. "ನೋಡಿ ಮಾವ," ಎಂದು ಸುಮಿತ್ರ ಜಗಲಿಯ ಮೇಲೆ ಕೂರಿಸಿಕೊಂಡು ನನಗೆ ವಿವರಿಸಿದಳು, "ಸಾರು ತಿಳಿಯಾಗಿದ್ರೆ ಬೆಳಕು ಸಲೀಸಾಗಿ ಆಚೆಗೆ ಓಯ್ತದೆ. ಅವು ಜಾಸ್ತಿ ಆದಂಗೂ ಸಾರು ಮಬ್ಬಾಯ್ತದೆ, ಬೆಳಕು ಚೆದರೋಯ್ತದೆ. ಎಷ್ಟು ಬೆಳಕು ಆಚೆ ಬರ್ನಿಲ್ಲ ಅಂತ ನೋಡುದ್ರೆ, ಎಷ್ಟು ಬೆಳ್ದವೆ ಅಂತ ಗೊತ್ತಾಯ್ತದೆ." ಮೊದಲು ಬರೀ ಸಾರಿನ ಕೊಳವೆಯಿಟ್ಟು ಯಂತ್ರಕ್ಕೆ ಇದೇ ಸೊನ್ನೆ ಎಂದು ಹೇಳಿಕೊಡಬೇಕು, ಆಮೇಲೆ ಇನ್ನೊಂದನ್ನು ಇಳಿಸಿ ಅಂಕಿ ನೋಡಬೇಕು. ಕೆರೆಗೆ ಹೊಸ ನೀರು ಬಂದಾಗ ಕೈ ಇಳಿಬಿಟ್ಟು, ಬೆರಳು ಎಷ್ಟು ಆಳದವರೆಗೆ ಕಾಣುತ್ತದೆ ಎಂದು ನಾವು ಕೆಸರಿನ ಅಂದಾಜು ಮಾಡುತ್ತೇವಲ್ಲ, ಅದೇ ವಿದ್ಯೆ. ಹಾಗಂದದ್ದಕ್ಕೆ ಸುಮಿತ್ರ, "ಅಷ್ಟೇಯ ಮಾವ. ಆದ್ರೆ ಬೆಳಕು ದಡ್ಡುದು. ಬದುಕಿರದು ಸತ್ತಿರದು ಅದಕ್ಕೆ ಗೊತ್ತಾಗಕಿಲ್ಲ, ಅಡ್ಡ ಬಂದುದ್ದೆಲ್ಲ ಲೆಕ್ಕ" ಅಂದಳು. ಆ ಮಾತು ಆಗಲೇ ನನ್ನ ತಲೆಯೊಳಗೆ ಹೊಕ್ಕಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಬೆಳಕನ್ನು ನಂಬದವರು ಎಣಿಸಿಯೂ ನೋಡಬಹುದಂತೆ. ಒಂದು ಹನಿ ಸಾರನ್ನು ನೀರಿಗೆ ಹಾಕಿ, ಆ ನೀರಿನ ಹನಿಯನ್ನು ಇನ್ನೊಂದು ನೀರಿಗೆ ಹಾಕಿ, ಹೀಗೆ ತೆಳು ಮಾಡುತ್ತಾ ಹೋಗಿ, ಕೊನೆಯ ಹನಿಯನ್ನು ತಟ್ಟೆಯಲ್ಲಿನ ಅಂಬಲಿಗಟ್ಟಿಯಂಥದರ ಮೇಲೆ ಸವರಿ ಬೆಚ್ಚಗಿಟ್ಟರೆ, ಬದುಕಿದ್ದ ಒಂದೊಂದು ಜೀವವೂ ಸಂಸಾರ ಹೂಡಿ ಒಂದೊಂದು ಚುಕ್ಕಿಯಾಗುತ್ತದೆ. ಚುಕ್ಕಿ ಎಣಿಸಿ, ಎಷ್ಟು ಪಟ್ಟು ತೆಳು ಮಾಡಿದ್ದೆವೋ ಅಷ್ಟರಿಂದ ಗುಣಿಸಿದರೆ ಮೂಲದ ಜನಸಂಖ್ಯೆ ಸಿಕ್ಕಿತು. ಸುಮಿತ್ರ ಎರಡನ್ನೂ ಮಾಡುತ್ತಿದ್ದಳು. ಥರ್ಮೋಕೋಲ್ ಡಬ್ಬದೊಳಗೆ ಸಣ್ಣ ಬಲ್ಬು ಹಾಕಿ ತಟ್ಟೆಗಳನ್ನು ಇಟ್ಟಿದ್ದಳು, ಕೋಳಿ ಮರಿಗೆ ಕಾವು ಕೊಟ್ಟ ಹಾಗೆ.

ಬೆಳವಣಿಗೆಯ ಕ್ರಮ ಕೇಳಿ ನನಗೆ ನಿಜಕ್ಕೂ ಬೆರಗಾಯಿತು. ಹೊಸ ಸಾರಿಗೆ ಬಿಟ್ಟ ತಕ್ಷಣ ಅವು ಬೆಳೆಯುವುದಿಲ್ಲವಂತೆ. ಸುಮ್ಮನೆ ಕೂತಿರುತ್ತವೆ. ಯಾಕೆಂದು ಕೇಳಿದೆ. "ವೊಸ ಮನೆಗೆ ಬಂದ ಸೊಸೆ ಇದ್ದಂಗೆ ಮಾವ. ಉಪ್ಪೆಲ್ಲದೆ, ಕಾರದಪುಡಿ ಎಲ್ಲದೆ, ಅತ್ತೆ ಮೂಡು ಎಂಗದೆ, ಎಲ್ಲ ನೋಡ್ಕಬೇಕಲ್ಲ. ಆಮೇಲೆ ಶುರು ಮಾಡ್ತವೆ." ಶುರುವಾದ ಮೇಲೆ ಒಂದು ಎರಡಾಗುತ್ತದೆ, ಎರಡು ನಾಲ್ಕು, ನಾಲ್ಕು ಎಂಟು, ಹಿಡಿಯುವವರಿಲ್ಲ. ಕೊನೆಗೆ ಉಣ್ಣಲು ಉಳಿಯುವುದಿಲ್ಲ, ತಾವು ಮಾಡಿದ ಹೊಲಸೇ ತಮಗೆ ಸುತ್ತಿಕೊಳ್ಳುತ್ತದೆ, ನಿಲ್ಲುತ್ತವೆ; ಆಮೇಲೆ ಸಾಯುತ್ತವೆ. ಕಾಗದದ ಮೇಲೆ ಗೆರೆ ಎಳೆದರೆ ಮೊದಲು ಬಯಲು, ಆಮೇಲೆ ಕಡಿದಾದ ಏರು, ಮೇಲೊಂದು ಹಾಸು, ಆಮೇಲೆ ಇಳಿಜಾರು. ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ದೂರದಿಂದ ನೋಡಿದ ಹಾಗಿತ್ತು. ಬೆಳೆಯುವಾಗ ಗಾಳಿಯಾಡಬೇಕು, ಅದಕ್ಕೆ ಅವನ್ನು ಬೆಳೆಸುವ ಸಾರಿನ ಸೀಸೆಯನ್ನು ಅಲ್ಲಾಡಿಸುತ್ತಿರಬೇಕು; ಅಳೆಯುವಾಗ ಮಾತ್ರ ಸ್ವಲ್ಪ ಸಾರನ್ನು ಕೊಳವೆಗೆ ಸುರಿಯುವುದು. ಕಾಲೇಜಿನಲ್ಲಿ ಅದಕ್ಕೂ ಯಂತ್ರವಿದೆ, ಮನೆಯಲ್ಲಿ ನಾನಿದ್ದೆ. ಜಗಲಿಯ ಮೇಲೆ ಕೂತು ತೊಡೆಯ ಮೇಲೆ ಸೀಸೆಯಿಟ್ಟುಕೊಂಡು ಮಗು ತೂಗಿದ ಹಾಗೆ ತೂಗಿದೆ. ಬೀದಿಯಲ್ಲಿ ಹೋಗುವವರು ಏನಣ್ಣ ಅದು ಎಂದರೆ, "ನಮ್ಮೊಲದ ಆಳುಗಳು ಕಣ್ರಪ್ಪ" ಎನ್ನುತ್ತಿದ್ದೆ. ಹಬ್ಬಕ್ಕೆ ಮುಂಚೆ ಹೀಗೆ ಒಂದು ಸುತ್ತು ಅಳತೆ ಮುಗಿಯಿತು. ಎಲ್ಲ ಸರಿಯಾಗಿತ್ತು. ಸುಮಿತ್ರ ಒಂದೇ ಒಂದು ಕಟ್ಟಳೆ ಹಾಕಿದ್ದಳು: ಸೀಸೆ ಮುಟ್ಟಬಹುದು, ಯಂತ್ರವನ್ನೂ ಕೊಳವೆಗಳನ್ನೂ ಯಾರೂ ಮುಟ್ಟಕೂಡದು.

ಆಯುಧಪೂಜೆ ಬಂತು. ನಮ್ಮ ಕಡೆ ಆ ದಿನ ಕೆಲಸಕ್ಕೆ ಬರುವ ವಸ್ತುವಿಗೆಲ್ಲ ಅರಿಶಿನ ಕುಂಕುಮ ಆಗಲೇಬೇಕು. ಕುಡುಗೋಲು, ಗುದ್ದಲಿ, ಔಷಧಿ ಹೊಡೆಯುವ ಪಂಪು, ಗೌರಮ್ಮನ ಮಿಕ್ಸಿ, ಈಳಿಗೆಮಣೆ, ಮಹೇಶನ ಗಾಡಿ, ಎಲ್ಲಕ್ಕೂ ನಾನೇ ಇಟ್ಟೆ. ಪೂಜೆಯಾದ ಆಯುಧವನ್ನು ಮಾರನೆಯ ದಿನದವರೆಗೆ ಎತ್ತಕೂಡದು. ಹಾಗಾಗಿ ಸುಮಿತ್ರಳೂ ಯಂತ್ರ ಮುಚ್ಚಿಟ್ಟು ಅತ್ತೆಯ ಜೊತೆ ಒಬ್ಬಟ್ಟು ತಟ್ಟಲು ಹೋಗಿದ್ದಳು. ಕೈಯಲ್ಲಿ ಬಟ್ಟಲು ಹಿಡಿದು ಅವಳ ಮೇಜಿನ ಮುಂದೆ ನಿಂತೆ. ಮನೆಯ ಈಳಿಗೆಮಣೆಗೂ ಪೂಜೆಯಾಗಿದೆ, ಓದುವ ಮಗುವಿನ ಆಯುಧ ಮಾತ್ರ ಬೋಳು. ಅವಳ ಕಟ್ಟಳೆ ನೆನಪಿತ್ತು. ಆದರೆ ಕಟ್ಟಳೆ ಕೆಲಸದ ದಿನಕ್ಕೆ, ಹಬ್ಬದ ದಿನಕ್ಕಲ್ಲ ಎಂದು ನನ್ನೊಳಗಿನ ವಕೀಲ ವಾದ ಮಾಡಿದ. ಯಂತ್ರದ ನೆತ್ತಿಗೊಂದು ಬೊಟ್ಟಿಟ್ಟೆ. ಪಕ್ಕದಲ್ಲಿ ಎರಡು ಕೊಳವೆ ನಿಂತಿದ್ದವು, ತಾಯಿಯ ಪಕ್ಕ ಅವಳಿ ಮಕ್ಕಳ ಹಾಗೆ. ಅವಕ್ಕೂ ಇಟ್ಟೆ. ನಮ್ಮ ಹೊಲದ ಅರಿಶಿನ, ಉದುರದಿರಲಿ ಎಂದು ಹರಳೆಣ್ಣೆಯಲ್ಲಿ ಕಲಸಿದ ಕುಂಕುಮ. ಕೈ ಮುಗಿದು, ನಮ್ಮ ಹುಡುಗಿಯ ಬೆಳೆ ಚೆನ್ನಾಗಿ ಬರಲಪ್ಪ ಎಂದು ಬೇಡಿಕೊಂಡೆ.

ಮಾರನೆಯ ಬೆಳಗ್ಗೆ ಭಕ್ತಿ ಇಳಿದು ಬುದ್ಧಿ ಬಂತು. ಅವಳು ನೋಡಿದರೆ ಬೇಜಾರು ಮಾಡಿಕೊಳ್ಳುತ್ತಾಳೆಂದು, ಸ್ನಾನಕ್ಕೆ ಹೋಗಿದ್ದ ಹೊತ್ತು ನೋಡಿ ಒದ್ದೆ ಟವೆಲ್ ಹಿಡಿದು ಹೋದೆ. ಯಂತ್ರ ಒರೆಸಿದೆ. ಒಂದು ಕೊಳವೆಯನ್ನು ಫಳಫಳ ಎನ್ನುವಂತೆ ಒರೆಸಿದೆ. ಬ್ಯಾಕ್ಟೀರಿಯಾ ಸಾರಿಗೆಂದು ಇಟ್ಟಿದ್ದ ಇನ್ನೊಂದನ್ನು ಕೈಗೆತ್ತಿಕೊಳ್ಳುವುದಕ್ಕೂ ಬಚ್ಚಲ ಬಾಗಿಲು ಕಿರ್ ಎನ್ನುವುದಕ್ಕೂ ಸರಿಹೋಯಿತು. ಹೆಬ್ಬೆರಳಲ್ಲಿ ಎರಡು ಸಲ ಉಜ್ಜಿ, ಹೋಯಿತು ಎಂದು ನಂಬಿ, ಇಟ್ಟು ಈಚೆ ಬಂದೆ. ನಮ್ಮ ಅರಿಶಿನ ಹಾಗೆಲ್ಲ ಹೋಗುವ ಜಾತಿಯಲ್ಲ. ಚಾಮರಾಜನಗರದ ಮಂಡಿಯಲ್ಲಿ ವ್ಯಾಪಾರಿಗಳು ಬೆರಳಿಗೆ ತಿಕ್ಕಿ ನೋಡಿ, ಬಣ್ಣ ಗಟ್ಟಿ ಎಂದು ಹೊಗಳಿದಾಗ ಮೀಸೆ ತಿರುವಿಕೊಂಡವನು ನಾನೇ.

ಸುಮಿತ್ರ ಅವತ್ತು ಎರಡನೆಯ ಸುತ್ತಿನ ಅಳತೆ ಶುರು ಮಾಡಿದಳು. ಮೊದಲ ಅಂಕಿಯೇ ಜಾಸ್ತಿ ಬಂತು. ಬಿತ್ತನೆಗೆ ಹಾಕಿದ ಬ್ಯಾಕ್ಟೀರಿಯಾ ಸಾರು ಒಂದು ಹನಿ ಹೆಚ್ಚು ಬಿತ್ತೇನೋ ಎಂದುಕೊಂಡಳು. ಅರ್ಧರ್ಧ ಗಂಟೆಗೆ ಅಂಕಿ ಏರುತ್ತಾ ಹೋಯಿತು. ಸಂಜೆ ಗೆರೆ ಎಳೆದು ನೋಡಿದರೆ ಮೊದಲ ಸುತ್ತಿನ ಬೆಟ್ಟದ ಬುಡಕ್ಕೇ ಯಾರೋ ಇನ್ನೊಂದು ಗುಡ್ಡ ತಂದಿಟ್ಟ ಹಾಗಿತ್ತು. "ಮಾವ, ನಮ್ಮೊಲದವು ಭಾರಿ ಜೋರು ಕಣ್ರಿ" ಎಂದು ಅವಳು ಕಣ್ಣರಳಿಸಿದಳು. ನಾನು ಒಳಗೊಳಗೇ ದೇವರಿಗೆ ಕೈ ಮುಗಿದೆ. ನೋಡಿದಿರಾ, ಒಂದು ಬೊಟ್ಟಿನ ಮಹಿಮೆ. ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ನೇರ ಸಿದ್ದಣ್ಣನ ಟೀ ಅಂಗಡಿಗೆ ಹೋಗಿ, ನನ್ನ ಹೊಲದ ಬ್ಯಾಕ್ಟೀರಿಯಾಕ್ಕೆ ಜಿಲ್ಲೆಯಲ್ಲೇ ಸಾಟಿಯಿಲ್ಲ ಎಂದು ಸಾರಿದೆ. "ಅಂಗಾರೆ ಒಂದು ಸೇರು ಕೊಡಣ್ಣ, ನಮ್ಮೊಲಕ್ಕೂ ಬುಟ್ಕೊತೀನಿ" ಎಂದ ಒಬ್ಬ. "ಸೇರಿನಲ್ಲಿ ಅಳೆಯೋ ಪದಾರ್ಥ ಅಲ್ಲ ಕಣ್ಲಾ ಅದು, ಬೆಳಕಿನಲ್ಲಿ ಅಳೀತಾರೆ" ಎಂದು ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಪಾಠ ಮಾಡಿದೆ.

ರಜೆ ಮುಗಿದು ಸುಮಿತ್ರ ಕಾಲೇಜಿಗೆ ಹೋದಳು. ಸಂಜೆ ಬಂದವಳು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತವಳು ಏಳಲಿಲ್ಲ. ಗೌರಮ್ಮ ಕಾಫಿ ಹಿಡಿದು ಎರಡು ಸಲ ಹೋಗಿ ಬಂದಳು. ಆಮೇಲೆ ವಿಷಯ ಹೊರಬಿತ್ತು. ಮೇಡಂ ತಟ್ಟೆಯ ಚುಕ್ಕಿ ಎಣಿಸಿದ ಲೆಕ್ಕವನ್ನೂ ಬೆಳಕಿನ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರಂತೆ. ತಟ್ಟೆ, ಎರಡು ಸುತ್ತಿನಲ್ಲೂ ಬೆಳೆ ಒಂದೇ ಸಮ ಎನ್ನುತ್ತದೆ. ಬೆಳಕು, ಎರಡನೆಯ ಸುತ್ತಿನಲ್ಲಿ ಮುಗಿಲು ಮುಟ್ಟಿದೆ ಎನ್ನುತ್ತದೆ. ಅದೂ ಬಿತ್ತಿದ ಗಳಿಗೆಯಲ್ಲೇ ಪೈರು ಮೊಣಕಾಲುದ್ದ. "ಹಬ್ಬದಲ್ಲಿ ಪುರುಸೊತ್ತಾಗದೆ ಅಂಕಿ ಕೂತು ಬರೆದುಬಿಟ್ಟೆಯೇನಮ್ಮ?" ಎಂದು ಕೇಳಿದರಂತೆ. ಸುಳ್ಳು ಅಂಕಿಗೆ ಸಹಿ ಹಾಕುವುದಿಲ್ಲ, ಏನಾಯಿತೆಂದು ಹೇಳು, ಹೇಳದಿದ್ದರೆ ಮುಂದಿನ ವರ್ಷ ನೋಡೋಣ ಎಂದರಂತೆ. ಇಷ್ಟನ್ನು ಗೋಡೆಯ ಕಡೆ ಮುಖ ಮಾಡಿ ಹೇಳಿ, "ಏನೋ ಬೆಳಕಿಗೆ ಅಡ್ಡ ಬಂದದೆ ಅತ್ತೆ, ಏನು ಅಂತ ತಿಳೀನಿಲ್ಲ" ಎಂದಳು. ನನಗೆ ತಿಳಿಯಿತು. ಬಾಗಿಲಲ್ಲಿ ನಿಂತಿದ್ದವನ ಹೆಬ್ಬೆರಳು ತಾನಾಗಿ ಪಂಚೆಯ ಮರೆಗೆ ಹೋಯಿತು.

ಈಗ ನಾನು ಹೇಳಬೇಕಾದ ನಿಜವಾದ ತಪ್ಪು ಬಂತು. ಬೊಟ್ಟು ಇಟ್ಟದ್ದು ದಡ್ಡತನ, ಅದಕ್ಕೆ ಕ್ಷಮೆಯುಂಟು. ಗೊತ್ತಾದ ಮೇಲೂ ಬಾಯಿ ಬಿಡದೆ ಹೋದದ್ದಕ್ಕೆ ಏನು ಹೆಸರಿಡುವುದು? ಆ ಸಂಜೆ ಹೇಳಬಹುದಿತ್ತು. ಸೊಸೆಯ ಮುಂದೆ ತಲೆ ತಗ್ಗಿಸಬೇಕಲ್ಲ ಎಂದು ನಾಲಗೆ ಏಳಲಿಲ್ಲ. ಸೊಸೆ ಉಣ್ಣಲಿಲ್ಲ, ನನಗೂ ಅನ್ನ ಇಳಿಯಲಿಲ್ಲ. ಯಾಕೆಂದಳು ಗೌರಮ್ಮ. ಹೊಟ್ಟೆ ಸರಿಯಿಲ್ಲ ಅಂದೆ. ಏನು ತಿಂದಿರಿ ಅಂದಳು. ಸಿದ್ದಣ್ಣನ ಅಂಗಡಿ ಬೋಂಡ ಅಂದೆ. ಜೀರಿಗೆ ಕಷಾಯ ಬಂತು, ಕುಡಿದೆ. ಮಾರನೆಯ ದಿನ ಗೌರಮ್ಮ ಟೀ ಅಂಗಡಿಗೇ ಹೋಗಿ, ಹಳೇ ಎಣ್ಣೆಯಲ್ಲಿ ಕರಿದು ವಯಸ್ಸಾದವರ ಹೊಟ್ಟೆ ಕೆಡಿಸುತ್ತೀಯ ಎಂದು ಬೈದು ಬಂದಳು. ಸಿದ್ದಣ್ಣ ಮನೆಗೆ ಬಂದು, "ನಿಮ್ಮಜ್ಜಿ ಆಣೆಗೂ ವೊಸ ಎಣ್ಣೆ ಕಣಣ್ಣ, ನೀನೇ ಯೋಳು, ನೀನು ಬೋಂಡ ತಿಂದಿದ್ದೆಯಾ?" ಎಂದ. ಇಲ್ಲದ ಬೋಂಡಕ್ಕಾಗಿ ಅವನ ಮುಂದೆ ಹೊಟ್ಟೆ ಹಿಡಿದುಕೊಂಡು ನರಳಬೇಕಾಯಿತು. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ ಎಂದು ಸೊಸೆ ಹೇಳಿಕೊಟ್ಟದ್ದು ನನಗೆ ಪ್ರಯೋಗ ಸಮೇತ ಅರ್ಥವಾಯಿತು. ಸುಮಿತ್ರ ಮಾತ್ರ ಆ ಎರಡು ದಿನವೂ ಎಂದಿನಂತೆ ಎದ್ದು ಬಸ್ಸಿಗೆ ಹೋದಳು, ಬಂದಳು, "ಈಗ ಎಂಗದೆ ಮಾವ ಹೊಟ್ಟೆ?" ಎಂದು ಕೇಳಿದಳು. ಅವಳು ಹಾಗೆ ಕೇಳಿದ್ದು ಕಷಾಯಕ್ಕಿಂತ ಕಹಿಯಾಗಿತ್ತು.

ಮೂರನೆಯ ಬೆಳಗ್ಗೆ ಅವಳು ಬಸ್ಸಿಗೆ ಹೋದ ಮೇಲೆ ಗೌರಮ್ಮನ ಹತ್ತಿರ ಹೇಳಿದೆ. ಅವಳು ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು. ನಾನು ಬೈಗುಳಕ್ಕೆ ಬೆನ್ನು ಬಾಗಿಸಿ ಕೂತೆ. ಅವಳು ಬೈಯಲಿಲ್ಲ. "ಸೀರೆ ಬೇಯ್ಸುದ್ರಿ, ಉಟ್ಟವಳು ನಾನು, ಸುಮ್ಕಿದ್ದೆ. ಅದು ಊರ್ ಬುಟ್ಟು ಬಂದಿರೋ ಕೂಸು. ಅದಕ್ಕೆ ಸುಳ್ಳಿ ಅನ್ನೋ ಹೆಸರು ಬರಕ್ಕೂಡದು. ಏಳಿ, ಅಂಗಿ ಆಕ್ಕೊಳಿ" ಎಂದು ಮತ್ತೆ ಮೊರ ಎತ್ತಿಕೊಂಡಳು. ನಾನು ಎದ್ದೆ. ಹೊರಡುವಾಗ ಪೂಜೆಯ ಬಟ್ಟಲಿಂದ ಅರಿಶಿನ ಕುಂಕುಮವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಂಡೆ. ಶರಣಾಗುವವನು ಆಯುಧ ಸಮೇತ ಹೋಗಬೇಕೆಂದು ಎಲ್ಲೋ ಕೇಳಿದ್ದೆ.

ಚಾಮರಾಜನಗರಕ್ಕೆ ನಾನು ಅರಿಶಿನದ ಮೂಟೆ ಜೊತೆ ಎಷ್ಟೋ ಸಲ ಹೋಗಿದ್ದೇನೆ, ಇಷ್ಟು ಭಾರ ಹೊತ್ತು ಹೋದದ್ದು ಅದೇ ಮೊದಲು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ತುಟಿ ಅಲ್ಲಾಡುವುದನ್ನು ನೋಡಿ, ಜಪ ಎಂದುಕೊಂಡಿರಬೇಕು, ಸ್ವಲ್ಪ ಜಾಗ ಬಿಟ್ಟು ಕೂತಳು. ಕಾಲೇಜಿನಲ್ಲಿ ಲ್ಯಾಬು ಹುಡುಕಿ ಬಾಗಿಲಲ್ಲಿ ನಿಂತೆ. ಕನ್ನಡಕದ ಮೇಡಂ ಏನನ್ನೋ ನೋಡುತ್ತಿದ್ದರು. ಆಚೆ ಮೂಲೆಯಲ್ಲಿ ಸುಮಿತ್ರ ಗಾಜಿನ ಸಾಮಾನು ತೊಳೆಯುತ್ತಿದ್ದಳು. ನನ್ನನ್ನು ಕಂಡು ಅವಳ ಕೈ ನಿಂತಿತು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿ, "ಮೇಡಂ, ಅಂಕಿ ಅವ್ಳು ಬರೀಲಿಲ್ಲ, ನಾನು ಬರೆದೆ" ಎಂದುಬಿಟ್ಟೆ. ಮೇಡಂ ಕನ್ನಡಕ ತೆಗೆದರು. ನಾನು ಜೇಬಿನಿಂದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು, ಬೊಟ್ಟಿಟ್ಟದ್ದು, ಬಚ್ಚಲ ಬಾಗಿಲು ಕಿರ್ ಎಂದದ್ದು, ಹೆಬ್ಬೆರಳು, ಬೋಂಡ, ಎಲ್ಲವನ್ನೂ ಹೇಳಿದೆ. ಬೋಂಡ ಹೇಳುವ ಅಗತ್ಯವಿರಲಿಲ್ಲ. ಒಂದು ಸಲ ಶುರುವಾದ ಮೇಲೆ ನಿಲ್ಲಲಿಲ್ಲ.

ಮೇಡಂ ಎರಡು ಕೊಳವೆಗೆ ನಲ್ಲಿಯ ನೀರು ತುಂಬಿದರು. ಒಂದನ್ನು ಯಂತ್ರಕ್ಕೆ ಇಟ್ಟು ಸೊನ್ನೆ ಮಾಡಿದರು. ಇನ್ನೊಂದನ್ನು ನನ್ನ ಕೈಗೆ ಕೊಟ್ಟು, "ಯಜಮಾನ್ರೇ, ಅವತ್ತು ಏನು ಮಾಡಿದ್ರೋ ಹಾಗೇ ಮಾಡಿ" ಅಂದರು. ಬೊಟ್ಟಿಟ್ಟೆ, ಹೆಬ್ಬೆರಳಲ್ಲಿ ಉಜ್ಜಿದೆ. ಈ ಸಲವೂ ಅಚ್ಚುಕಟ್ಟಾಗಿಯೇ ಆಯಿತು. ಅದನ್ನು ಗುಳಿಗೆ ಇಳಿಸಿದರು. ಅಂಕಿ ಮೇಲೇರಿ ನಿಂತಿತು. "ಬರೀ ನಲ್ಲಿ ನೀರಲ್ಲೇ ಬೆಳೆ ತೆಗೆದುಬಿಟ್ರಲ್ಲ" ಎಂದು ಮೇಡಂ ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದರು. "ನಾನು ಇವಳನ್ನ ಮೊನ್ನೆಯೂ ಕೇಳಿದೆ, ನಿನ್ನೆಯೂ ಕೇಳಿದೆ. ಮನೆಯಲ್ಲಿ ಕೊಳವೆ ಬೇರೆ ಯಾರಾದ್ರೂ ಮುಟ್ಟಿದ್ರಾ ಅಂತ. ನಾನೊಬ್ಬಳೇ ಮೇಡಂ, ಇನ್ಯಾರೂ ಮುಟ್ಟಲ್ಲ ಅಂದಳು. ಯಾರೂ ಮುಟ್ಟಿಲ್ಲ ಅಂದ ಮೇಲೆ ಅಂಕಿ ಬರೆದಿದ್ದಾಳೆ ಅಂತ ತಾನೇ ನಾನು ತಿಳ್ಕೋಬೇಕು?" ಎಂದರು. ನಾನು ಸುಮಿತ್ರಳ ಕಡೆ ತಿರುಗಿದೆ. "ಅವ್ಳಿಗೂ ಗೊತ್ತಿರಲಿಲ್ಲ ಮೇಡಂ" ಎಂದೆ. ಸುಮಿತ್ರ ತಲೆ ತಗ್ಗಿಸಿ ತೊಳೆದ ಕೊಳವೆಯನ್ನೇ ಮತ್ತೆ ತೊಳೆಯತೊಡಗಿದಳು. ಅವಳಿಗೆ ಗೊತ್ತಿತ್ತು. ಮೇಡಂ ಬೈದ ಸಂಜೆಯೇ, ನಾನು ಕಷಾಯ ಕುಡಿಯುತ್ತಿದ್ದ ಹೊತ್ತಿಗೆ, ಮನೆಯಲ್ಲೇ ಇದ್ದ ಆ ಕೊಳವೆಯನ್ನು ಬಲ್ಬಿಗೆ ಹಿಡಿದು ನೋಡಿದ್ದಳಂತೆ. ಹಳದಿ ಬೆರಳಚ್ಚು ಕಂಡಿತ್ತು. ನಮ್ಮ ಮನೆಯಲ್ಲಿ ಅಷ್ಟು ಅಗಲದ ಹೆಬ್ಬೆರಳು ಇನ್ಯಾರಿಗೂ ಇಲ್ಲ.

ಮೇಡಂ ಆ ಸುತ್ತಿನ ಅಂಕಿಗಳನ್ನೆಲ್ಲ ಹೊಡೆದುಹಾಕಿ, ಭಾನುವಾರ ಲ್ಯಾಬಿನಲ್ಲೇ, ತಮ್ಮ ಕಣ್ಣ ಮುಂದೆಯೇ ಹೊಸದಾಗಿ ಅಳತೆ ಮಾಡಲಿ, ಸರಿ ಬಂದರೆ ಸಹಿ ಎಂದರು. "ನೀವೂ ಬನ್ನಿ ಯಜಮಾನ್ರೇ. ನೀವು ಮನೆಯಲ್ಲಿರೋದಕ್ಕಿಂತ ನಮ್ಮ ಕಣ್ಣೆದುರಿಗೆ ಇರೋದೇ ವಾಸಿ." ಸಂಜೆ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ತೆರಕಣಾಂಬಿ ದಾಟಿದ ಮೇಲೆ ನಾನೇ ಕೇಳಿದೆ, "ಯಾಕ್ ಮಗ ಯೋಳ್ನಿಲ್ಲ ನೀನು?" ಅವಳು ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು: "ನಮ್ಮಾವ ಓದುಸ್ತಾವ್ರೆ ಅಂತ ಮೇಡಂ ಅತ್ರ ನೂರು ಸಲ ಯೋಳಿವ್ನಿ. ನಮ್ಮಾವನೇ ಕೆಡಸುದ್ರು ಅಂತ ಎಂಗೆ ಯೋಳ್ಲಿ?" ಆಮೇಲೆ ನನ್ನ ಕಡೆ ತಿರುಗಿ, "ಬೊಟ್ಟಿಗೆ ನಂಗೆ ಬೇಜಾರಿಲ್ಲ ಮಾವ. ಎರಡು ದಿನ ಸುಮ್ಕಿದ್ರಲ್ಲ, ಅದಕ್ಕೆ ಅದೆ" ಎಂದಳು. "ಇರ್ಲಿ ಮಗ, ಇಟ್ಕೊ ಆ ಬೇಜಾರ" ಅಂದೆ. ಅವಳಿಗೆ ಯಾಕೋ ನಗು ಬಂತು. ಗುಂಡ್ಲುಪೇಟೆ ಬಸ್‌ಸ್ಟಾಂಡಿನಲ್ಲಿ ಇಳಿದಾಗ, "ಉಣ್ಣದೆ ಎರಡು ದಿನ ಆಯ್ತು, ಏನಾರ ಕೊಡ್ಸಿ" ಎಂದು ಕೇಳಿದಳು. ಕೊಡಿಸಿದೆ. ಬೋಂಡ ಬೇಡ ಎಂದು ಇಬ್ಬರೂ ಒಟ್ಟಿಗೇ ಅಂದೆವು. ಮಾರನೆಯ ದಿನ ಸಿದ್ದಣ್ಣನ ಅಂಗಡಿಯಲ್ಲಿ ನಾಲ್ಕು ಜನರೆದುರಿಗೆ, ಎಣ್ಣೆ ಹೊಸದು, ಸುಳ್ಳು ನನ್ನದು, ನಮ್ಮ ಹೊಲದ ಬ್ಯಾಕ್ಟೀರಿಯಾ ಎಲ್ಲರ ಹೊಲದವುಗಳಷ್ಟೇ ಬೆಳೆಯುತ್ತವೆ ಎಂದು ಒಪ್ಪಿಕೊಂಡೆ. ಮೊದಲೆರಡನ್ನು ನಂಬಿದರು. ಮೂರನೆಯದನ್ನು ಮಾತ್ರ, ಒಂದು ಸೇರು ಕೊಡಬೇಕಾಗುತ್ತದೆಂದು ಜಾರಿಕೊಳ್ಳುತ್ತಿದ್ದಾನೆ ಎಂದುಕೊಂಡರು.

ಭಾನುವಾರ ಲ್ಯಾಬಿನಲ್ಲಿ ನನಗೊಂದು ಸ್ಟೂಲು ಹಾಕಿಕೊಟ್ಟರು. ನಾನು ಮನೆಯಲ್ಲೊಂದು ಸಲ, ಅಲ್ಲಿ ಎರಡು ಸಲ ಸೋಪು ಹಾಕಿ ಕೈ ತೊಳೆದಿದ್ದೆ. ಹಣೆಯ ಮೇಲೆ ಕೂಡ ಏನೂ ಇಟ್ಟುಕೊಂಡಿರಲಿಲ್ಲ, ಎಲ್ಲಿ ಗಾಳಿಯಲ್ಲಿ ಹಾರೀತೋ ಎಂದು. ಸುಮಿತ್ರ ಬರೀ ಸಾರಿನ ಕೊಳವೆ ಇಟ್ಟು ಯಂತ್ರಕ್ಕೆ ಲೆಕ್ಕ ಹೇಳಿಕೊಟ್ಟಳು. ಆಗತಾನೇ ಬಿತ್ತಿದ್ದ ಸಾರಿನ ಕೊಳವೆಯನ್ನು ತೆಗೆದವಳು, ಮೇಡಂ ನೋಡುತ್ತಿದ್ದಂತೆಯೇ, ಅದನ್ನು ಒಂದು ಮೆತ್ತನೆಯ ಕಾಗದದ ಜೊತೆ ನನ್ನ ಕೈಗಿಟ್ಟು, "ಒರಸ್ಕೊಡಿ ಮಾವ" ಅಂದಳು. ನಾನು ಬೇಡ ಅಂದೆ. ಅವಳು ಕೈ ಚಾಚಿಕೊಂಡೇ ನಿಂತಿದ್ದಳು. ನವಜಾತ ಶಿಶುವಿನ ಮೈ ಒರೆಸಿದ ಹಾಗೆ ಒರೆಸಿಕೊಟ್ಟೆ. ಕೊಳವೆ ಗುಳಿಗೆ ಇಳಿಯಿತು. ಕಿಂಡಿಯಲ್ಲಿ ಅಂಕಿ ಕ್ಷಣ ಅಲ್ಲಾಡಿ ಸೊನ್ನೆಯ ಹತ್ತಿರವೇ ನಿಂತಿತು. ಮೇಡಂ ತಲೆಯಾಡಿಸಿದರು. ಸುಮಿತ್ರ ಬರೆದುಕೊಂಡಳು. ಅಷ್ಟರಲ್ಲಿ ಗೌರಮ್ಮನ ಫೋನು. ಏನಾಯಿತೆಂದು ಕೇಳಿದಳು. ಸೊನ್ನೆ ಬಂತು ಎಂದೆ. "ಅಷ್ಟು ದೂರ ಬಸ್ಸತ್ತಿ ಓಗಿ ಸೊನ್ನೆ ತಕ್ಕೊಂಡ್ರಾ, ಅದಕ್ಕೆ ಇಷ್ಟು ಹಿಗ್ತಾ ಇದ್ದೀರಲ್ಲ" ಎಂದಳು. ಏನೆಂದು ಬಿಡಿಸಿ ಹೇಳುವುದು? ನಾನು ಮುಟ್ಟಿಕೊಟ್ಟ ಮೇಲೂ ನನ್ನಿಂದ ಏನೂ ಆಗಿಲ್ಲ ಎಂದು ಯಂತ್ರವೇ ಸಾಕ್ಷಿ ನುಡಿದಿತ್ತು. ನಿನ್ನಿಂದ ಏನೂ ಆಗಿಲ್ಲ ಎಂದು ಕೇಳಿಸಿಕೊಂಡು, ಈ ವಯಸ್ಸಿನಲ್ಲಿ, ಇಷ್ಟು ಸಂತೋಷಪಟ್ಟ ಗಂಡಸು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.